ಒಬ್ಬ ಉಪಾಧ್ಯಾಯ, ಎರಡು ಕೆಲಸ

ಕನ್ನಡ ಮಾಧ್ಯಮದ ಮಕ್ಕಳ ಪಟ್ಟಿಯನ್ನು ಗಣಕಯಂತ್ರದಿಂದ ಕಳುಹಿಸುತ್ತಿದ್ದೆವು. ಹಿಂಬದಿಯಲ್ಲಿದ್ದ ಹಾಜರಿಯನ್ನು ಓದಲೆಂದು ವಿಂಡೋವನ್ನು ಮೌಸಿನಿಂದ ಪಕ್ಕಕ್ಕೆ ಸರಿಸಿ, ಗುಂಡಿ ಬಿಡದೆ ಹಿಡಿದಿದ್ದೆವು. ಅಷ್ಟರಲ್ಲಿ ಸಂಪರ್ಕ ಕಡಿಯಿತು. ಪಟ್ಟಿ ಅರ್ಧಕ್ಕೇ ನಿಂತಿತು.

ವಿಂಡೋಸ್ ವ್ಯವಸ್ಥೆಯಲ್ಲಿ ಗುಂಡಿ ಬಿಡುವವರೆಗೂ ತಂತ್ರಾಂಶದ ಮುಖ್ಯ ಥ್ರೆಡ್, ಅಂದರೆ ಕೆಲಸದ ಎಳೆ, ಸರಿಸುವುದರಲ್ಲಿಯೇ ತೊಡಗಿರುತ್ತದೆ. ‘ಇರುವಿರಾ?’ ಎಂಬ ಸರ್ವರಿನ ಕರೆಗೂ ಅದೇ ಎಳೆ ಓಗೊಡಬೇಕಾಗಿದ್ದರೆ ಉತ್ತರ ಹೋಗದಿರಬಹುದು. ಗಡುವು ಮೀರಿದೊಡನೆ ಸರ್ವರ್ ಸಂಪರ್ಕವನ್ನು ಮುಚ್ಚುವುದು. ಏಕೋಪಾಧ್ಯಾಯ ಶಾಲೆಯಲ್ಲಿ ಪಾಠದ ನಡುವೆ ಬಾಗಿಲಿಗೆ ಬಂದವರು ಕಾದು ಹಿಂದಿರುಗುವಂತೆಯೇ ಇದು.

ಸಂಪರ್ಕಕ್ಕೆ ಬೇರೆಯೇ ಎಳೆಯನ್ನು ನಿಯಮಿಸಿ, ಬಂದ ಸಂದೇಶಗಳನ್ನು ಸಾಲಿನಲ್ಲಿಟ್ಟು ಮುಖ್ಯ ಎಳೆಗೆ ಒಪ್ಪಿಸುವುದೇ ಪರಿಹಾರ. ತಂತ್ರಾಂಶ ಬರೆಯಲು ಕಲಿಯುವ ನಮ್ಮ ಮಕ್ಕಳು ಇದನ್ನು ಮರೆಯದಿರಲಿ. ಗಡಿನಾಡಿನಲ್ಲಿ ಒಂದು ಹೆಸರು ಬಿಟ್ಟುಹೋದರೂ ಕನ್ನಡ ತರಗತಿಗೆ ನಷ್ಟ.