ತೋಟಕ್ಕೂ ಟಾರು ರಸ್ತೆಗೂ ಒಂದೇ ಬೈಕು ಸಾಕೆ?

ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಈ ದಿನಗಳಲ್ಲಿ, ಸಂಘದ ಜಗಲಿಯ ಮೇಲೆ ಮೆಣಸಿನ ಧಾರಣೆಗಿಂತ ಹೆಚ್ಚಾಗಿ ಕೇಳಿಬರುತ್ತಿರುವುದು ಮೋಟಾರ್ ಸೈಕಲ್ಲಿನ ಮಾತು. ರಸ್ತೆಗೂ ಕಾಡುಹಾದಿಗೂ ಆಗುವಂಥ ಎತ್ತರದ ಬೈಕೇ ಬೇಕೆಂದು ಮಕ್ಕಳ ಹಟ. ಹಣ ಬಿಚ್ಚಲು ಹಿರಿಯರ ಹಿಂಜರಿಕೆ. ಈ ಬಗ್ಗೆ ನಮಗೆ ತೋಚಿದ್ದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಮೊದಲು ಒಂದು ವಾರದ ಓಡಾಟವನ್ನು ಲೆಕ್ಕ ಹಾಕಿ. ಪೇಟೆಗೆ, ಮಂಡಿಗೆ, ಬ್ಯಾಂಕಿಗೆ, ನೆಂಟರ ಮನೆಗೆ, ಎಲ್ಲವೂ ಟಾರು ಇಲ್ಲವೇ ಕಾಂಕ್ರೀಟು. ತೋಟದೊಳಗಿನ ಕೆಸರು ಹಾದಿ ಹೆಚ್ಚೆಂದರೆ ಒಂದೆರಡು ಕಿಲೋಮೀಟರ್. ಆ ಹಾದಿಯಲ್ಲೇ ನಮ್ಮ ಹಿರಿಯರು ಮೈಸೂರಿನಲ್ಲಿ ತಯಾರಾದ ಯೆಜ್ಡಿಯಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಬಂದವರು. 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ ಅದನ್ನು ಯಾರೂ ಸಾಹಸದ ಬೈಕು ಎಂದು ಕರೆದದ್ದು ನಾವು ಕೇಳಿಲ್ಲ.

ಹಾಗೆಂದು ಈ ಬೈಕುಗಳು ಬರೀ ಶೋಕಿಯಲ್ಲ. ಆಷಾಢ ಕಳೆದ ಮೇಲೆ ನಮ್ಮ ರಸ್ತೆಗಳ ಗುಂಡಿ ನೋಡಿದವರಿಗೆ ದೊಡ್ಡ ಮುಂಚಕ್ರದ, ಉದ್ದ ಶಾಕ್ ಅಬ್ಸಾರ್ಬರಿನ ಬೆಲೆ ಗೊತ್ತು. ಸೊಂಟ ಉಳಿಯುತ್ತದೆ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ಕ್ಕೆ ಮುಂದೆ 21 ಅಂಗುಲದ, ಹಿಂದೆ 18 ಅಂಗುಲದ ಚಕ್ರ; ತೂಕ 160 ಕಿಲೋ ಮೀರದು. 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಸಿಸಿಯದು. 2023ರಲ್ಲಿ ಬಂದ ಹೊಸದು 452 ಸಿಸಿ, ಸುಮಾರು 40 ಅಶ್ವಶಕ್ತಿ. ಅದರ ತೂಕವೋ, ಐವತ್ತು ಕಿಲೋದ ನಾಲ್ಕು ಕಾಫಿ ಮೂಟೆಗಳಿಗೆ ಸ್ವಲ್ಪವೇ ಕಡಿಮೆ. ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗಿಬರಲು ಸೊಗಸು. ತೋಟದ ಇಳಿಜಾರಿನಲ್ಲಿ ಅಡ್ಡ ಬಿದ್ದರೆ ಎತ್ತಲು ಇನ್ನೊಬ್ಬರನ್ನು ಕೂಗಬೇಕು.

ನಮ್ಮ ಆತಂಕವಿರುವುದು ಟೈರಿನ ವಿಷಯದಲ್ಲಿ. ಅಂದಕ್ಕೆಂದು ಹುಡುಗರು ದಪ್ಪ ಗುಬಟಿನ ಟೈರು ಹಾಕಿಸುತ್ತಾರೆ. ಕೆಸರಿನಲ್ಲಿ ಅದು ಕಚ್ಚಿ ಹಿಡಿಯುವುದು ನಿಜ. ಒದ್ದೆ ಟಾರಿನ ಮೇಲೆ ನೆಲಕ್ಕೆ ತಾಗುವ ರಬ್ಬರೇ ಕಡಿಮೆ, ಬ್ರೇಕು ಹಿಡಿದರೆ ಜಾರುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮಲ್ಲೊಬ್ಬರ ಮಗ ಪಾಚಿಗಟ್ಟಿದ ತಿರುವಿನಲ್ಲಿ ಹೀಗೇ ಬಿದ್ದು, ಕಾಲು ಮುರಿದುಕೊಂಡು, ಇಡೀ ಅಡಿಕೆ ಕೊಯ್ಲಿನಲ್ಲಿ ಮಂಚದ ಮೇಲಿದ್ದ. ಆ ಮನೆಯಲ್ಲಿ ಬೇರೆ ಗಂಡಾಳಿಲ್ಲ. ಹೆಚ್ಚು ಓಡಾಟ ರಸ್ತೆಯಲ್ಲಾದರೆ ರಸ್ತೆಗೆ ಒಗ್ಗುವ ಟೈರನ್ನೇ ಹಾಕಿಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಕೆಸರಿನ ಆ ಒಂದು ಕಿಲೋಮೀಟರನ್ನು ನಿಧಾನವಾಗಿ ದಾಟಿದರಾಯಿತು.

ಇನ್ನೊಂದು ಮಾತು. ಕಡ್ಡಿಚಕ್ರದ ಬೈಕುಗಳಲ್ಲಿ ಹಲವಕ್ಕೆ ಟ್ಯೂಬು ಇರುತ್ತದೆ. ಮೊಳೆ ಚುಚ್ಚಿದರೆ ಗಾಳಿ ಬೇಗ ಇಳಿದುಹೋಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಕತ್ತಲಾಗುವ ಹೊತ್ತಿಗೆ ಹೀಗಾದರೆ ಗತಿ ಏನೆಂದು ಬರೆಯಬೇಕಾಗಿಲ್ಲ.

ಆದ್ದರಿಂದ ಮುಂಗಡ ಕೊಡುವ ಮುನ್ನ ಸೀಟಿನ ಮೇಲೆ ಕೂತು ಎರಡೂ ಕಾಲು ನೆಲಕ್ಕೆ ಊರುತ್ತವೆಯೇ ನೋಡಿ. ಮನೆಯಾಕೆಯನ್ನೂ ಕರೆದೊಯ್ಯಿರಿ, ಸೀರೆಯುಟ್ಟು ಆ ಎತ್ತರಕ್ಕೆ ಹತ್ತಬೇಕಾದವರು ಅವರು. ಸರ್ವಿಸಿಗೆ ಎಷ್ಟು ದೂರ ಹೋಗಬೇಕೆಂದು ಕೇಳಿ. ನಮ್ಮನ್ನು ಕೇಳಿದರೆ ಹಗುರವಾದದ್ದೇ ಸಾಕು, ಉಳಿದ ಹಣ ಸುಣ್ಣಕ್ಕೋ ತುತ್ತಕ್ಕೋ ಆದೀತು. ಇದನ್ನು ಒಪ್ಪದ ಯುವಕರು ಬರೆದು ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇವೆ.