ನಕ್ಷೆಯಿಲ್ಲದ ನಾವೆ

1817ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ತೇಗದ ಹಾಯಿ ಯುದ್ಧನೌಕೆ ‘ಟ್ರಿಂಕೊಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ವಾಡಿಯಾ ಮನೆತನದವರು ಅದನ್ನು ಇಂಗ್ಲೆಂಡಿನಿಂದ ಬಂದ ನಕ್ಷೆಯಂತೆ ಕಟ್ಟಿದರು. ಆದುದರಿಂದ ಉಡುಪಿಯ ಹವ್ಯಾಸಿಯೊಬ್ಬನು ಅದರ ಮರದ ಪ್ರತಿಕೃತಿಯನ್ನು ರಚಿಸಹೊರಟರೆ ದಾರಿ ಸುಗಮವೇ: ಅಡಿಗೆ ಕಾಲಂಗುಲದ ಪ್ರಮಾಣದಲ್ಲಿ 150 ಅಡಿಯ ತೋಪಿನಟ್ಟವು ಮೂರಡಿಗೆ ತುಸು ಮಿಕ್ಕಿ ಮೇಜಿನ ಮೇಲೆ ನಿಲ್ಲುತ್ತದೆ.

ಆದರೆ 1665ರಲ್ಲಿ ಅವನದೇ ಸೀಮೆಯ ಬಸರೂರಿಗೆ ಬಂದೆರಗಿದ ಶಿವಾಜಿಯ ನೌಕೆಗಳನ್ನು ಹಾಗೆ ಕಟ್ಟಬಲ್ಲನೇ? ನಮ್ಮ ಕರಾವಳಿಯ ಬಡಗಿಗಳ ನಕ್ಷೆ ಕಾಗದದ ಮೇಲಿರಲಿಲ್ಲ. ಕಣ್ಣಳತೆಯಲ್ಲಿತ್ತು, ಕೈಯ ಪಳಗಿಕೆಯಲ್ಲಿತ್ತು. ಕೈ ಅಡಗಿದಂದು ಹಡಗೂ ಅಳಿಯಿತು. ಮಲ್ಪೆ, ಕಾಪುಗಳ ದಂಡೆಯಲ್ಲಿ ಹಳೆಯ ಮರದ ದೋಣಿಯೊಂದು ಕಂಡರೆ, ಅಳತೆಪಟ್ಟಿಯೊಡನೆ ಮೊದಲು ಅಲ್ಲಿಗೆ ಹೋಗುವುದು ಲೇಸು.