ವಿದ್ಯುತ್ ಸೈಕಲ್ಲು ನಮ್ಮ ಏರುದಾರಿಗೆ ಒಗ್ಗುವುದೆ?

ಪಟ್ಟಣಗಳಲ್ಲಿ ಓಡಾಡುತ್ತಿದ್ದ ವಿದ್ಯುತ್ ಸೈಕಲ್ಲು ಈಗ ಹಳ್ಳಿಗಳ ಕಡೆಗೂ ಮುಖ ಮಾಡಿದೆ. ತಿರುನೆಲ್ಲಿ, ಬಾವಲಿ, ಪುಲ್ಪಳ್ಳಿ ಕಡೆಯ ನಮ್ಮ ಕನ್ನಡ ರೈತ ಬಾಂಧವರು ಸಂಘಕ್ಕೆ ಹಾಲು ಒಯ್ಯಲು ಇದನ್ನು ಕೊಳ್ಳಬಹುದೆ ಎಂದು ಯೋಚಿಸುವುದು ಸಹಜ. ಈ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ಮೊದಲು ಅನುಕೂಲ ನೋಡೋಣ. ಮೋಟಾರಿನ ಶಕ್ತಿ 250 ವಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಕೇಂದ್ರದ ನಿಯಮದಂತೆ ಅದು ಮೋಟಾರು ವಾಹನವಲ್ಲ. ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಗಡಿಯ ಈಚೆಗೂ ಆಚೆಗೂ ನಿಯಮ ಒಂದೇ. ಸಾಮಾನ್ಯ ಬ್ಯಾಟರಿಯನ್ನು ಒಂದು ಸಲ ತುಂಬಲು ಅರ್ಧ ಯೂನಿಟ್ ವಿದ್ಯುತ್ತು ಸಾಕು.

ಆದರೆ ಮಾರುವವರು ಹೇಳುವ ದೂರವು ಬಯಲುನಾಡಿನ ಲೆಕ್ಕ, ವಯನಾಡಿನದಲ್ಲ. ಸವಾರ, ಸೈಕಲ್ಲು, ಹಾಲಿನ ಕ್ಯಾನು ಸೇರಿ 120 ಕಿಲೋ ಎಂದಿಟ್ಟುಕೊಳ್ಳಿ. ತುಳಿಯದೆ ಕುಳಿತು 100 ಮೀಟರ್ ಎತ್ತರ ಏರಿದರೆ, ಯಂತ್ರದ ನಷ್ಟವೂ ಸೇರಿ, 360 ವಾಟ್-ಗಂಟೆಯ ಬ್ಯಾಟರಿಯಲ್ಲಿ ಏಳನೆಯ ಒಂದು ಪಾಲಿನಷ್ಟು ಮುಗಿಯುತ್ತದೆ. ಕಡಿದಾದ ಏರಿನಲ್ಲಿ ನಿಧಾನವಾಗಿ ತಿರುಗುವ ಚಕ್ರದ ಮೋಟಾರು ಬಿಸಿಯೇರುವುದೂ ಉಂಟು. ಆದುದರಿಂದ ಏರಿನಲ್ಲಿ ಕಾಲೂ ದುಡಿಯಬೇಕು. ಪೆಡಲಿನ ಬಳಿ ಮೋಟಾರಿದ್ದು ಗೇರಿನ ಮೂಲಕ ಎಳೆಯುವ ಬಗೆ ಗುಡ್ಡಕ್ಕೆ ಲೇಸು. ಬೆಲೆ ಮಾತ್ರ ಹೆಚ್ಚು.

ಇನ್ನೊಂದು ಎಚ್ಚರಿಕೆ. ಈ ಗಾಡಿಗೆ ಸದ್ದಿಲ್ಲ. 2024ರ ಫೆಬ್ರುವರಿಯಲ್ಲಿ ಮಾನಂದವಾಡಿಯ ಸಮೀಪ ರೇಡಿಯೋ ಪಟ್ಟಿ ತೊಟ್ಟ ಆನೆಯೊಂದು ರೈತರೊಬ್ಬರನ್ನು ಕೊಂದುದನ್ನು ಯಾರೂ ಮರೆತಿಲ್ಲ. ಓಡುವ ಆನೆ ಈ ಸೈಕಲ್ಲಿನ ವೇಗವನ್ನು ಮುಟ್ಟಬಲ್ಲುದು. ನಸುಕಿನಲ್ಲಿ ಕಾಡಂಚಿನ ದಾರಿಗೆ ಇದನ್ನು ನಂಬತಕ್ಕದ್ದಲ್ಲ.

ಮುಂದೇನು? ಬಾಳಿಕೆ ಹೆಚ್ಚಿರುವ, ಬೆಂಕಿಯ ಭಯ ಕಡಿಮೆಯಿರುವ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗಳು ಈಗಾಗಲೇ ಬಳಕೆಗೆ ಬಂದಿವೆ. ಸೋಡಿಯಂ ಬ್ಯಾಟರಿಗಳು ಹಿಂದೆಯೇ ಬರುತ್ತಿವೆ. ಸೋಡಿಯಂ ಎಂದರೆ ಉಪ್ಪಿನಲ್ಲಿರುವ ವಸ್ತುವಾದ ಕಾರಣ ಬೆಲೆ ಇಳಿಯಬಹುದೆಂಬ ಆಸೆಯುಂಟು. ಹಳೆಯ ಬ್ಯಾಟರಿಯನ್ನು ತಯಾರಕರೇ ಹಿಂದಕ್ಕೆ ಪಡೆಯಬೇಕೆಂದು 2022ರ ನಿಯಮ ಹೇಳುತ್ತದೆ. ಆದರೆ ಹಳ್ಳಿಯಲ್ಲಿ ರಿಪೇರಿ ತಿಳಿದವರಿಲ್ಲದಿದ್ದರೆ ಮಳೆಗಾಲ ಕಳೆಯುವುದರೊಳಗೆ ಸೈಕಲ್ಲು ಜಗಲಿಯ ಮೂಲೆ ಸೇರೀತು.

ಸರ್ಕಾರದ ನೀತಿಯೂ ನಮಗೆ ಸರಿಕಾಣದು. 2019ರ ಫೇಮ್ ಎರಡನೆಯ ಹಂತವಾಗಲಿ 2024ರ ಪಿ.ಎಂ. ಇ-ಡ್ರೈವ್ ಆಗಲಿ ನೋಂದಣಿಯಾಗುವ ಸ್ಕೂಟರಿಗೆ ನೆರವಿತ್ತವು. ತುಳಿಯುವ ಸೈಕಲ್ಲನ್ನು ಮರೆತವು. ದಿಲ್ಲಿ ಸರ್ಕಾರವು 2022ರಲ್ಲಿ ಇದಕ್ಕೆ ಸಹಾಯಧನ ಪ್ರಕಟಿಸಿತು. ಸ್ಕೂಟರು ಕೊಳ್ಳಬಲ್ಲವನಿಗೆ ಸಹಾಯ, ಸೈಕಲ್ಲು ತುಳಿಯುವವನಿಗೆ ಇಲ್ಲವೆಂದರೆ ಇದಾವ ನ್ಯಾಯ?

ನಮ್ಮ ಸಲಹೆ ಇಷ್ಟೆ. ಒಬ್ಬೊಬ್ಬರೇ ಸಾಲಮಾಡಿ ಕೊಳ್ಳಬೇಡಿ. ಹಾಲಿನ ಸಂಘದ ಮೂಲಕ ಎರಡು ಸೈಕಲ್ಲು ತರಿಸಿ, ಒಂದು ಮಳೆಗಾಲ ಓಡಿಸಿ ನೋಡಿ. ಊರಿನ ಹುಡುಗನೊಬ್ಬನಿಗೆ ರಿಪೇರಿ ಕಲಿಸಿ. ಬ್ಯಾಟರಿಯ ಖಾತರಿಯನ್ನು ಬರಹದಲ್ಲಿ ಪಡೆಯಿರಿ. ನಮ್ಮ ಏರನ್ನು ಹತ್ತಿ ತೋರಿಸಿದ ಮೇಲೆ ಹಣ ಬಿಚ್ಚಿದರೆ ಸಾಕು.